ಕಮ್ಯುನಿಸಂ ಬಂದ್ರೆ ನಮ್ಮ ತೋಟ ಹೋಗುತ್ತಾ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ನಮಗೆ ಎರಡೂವರೆ ಎಕರೆ ಅಡಿಕೆ ತೋಟ ಇದೆ. ಅಜ್ಜನಿಗೆ ಡಿಕ್ಲರೇಶನ್‌ನಲ್ಲಿ ಬಂದದ್ದು. ಹಾಸ್ಟೆಲಿನ ಸೀನಿಯರ್ ಒಬ್ಬರು ಮಾರ್ಕ್ಸ್ ಓದುವ ಗುಂಪಿಗೆ ಕರೆದರು. ಎರಡು ಭಾನುವಾರ ಹೋಗಿಬಂದೆ. ಮನೆಯಲ್ಲಿ ಹೇಳಿದ್ದಕ್ಕೆ ಅಪ್ಪ ಸಿಟ್ಟಾದರು. "ಅವರು ಬಂದ್ರೆ ತೋಟ ಸರ್ಕಾರಕ್ಕೆ, ದೇವರ ಕೋಣೆಗೆ ಬೀಗ" ಅಂದರು. ಸೀನಿಯರ್ ಹತ್ತಿರ ಕೇಳಿದರೆ, ರಷ್ಯಾ, ಚೀನಾದಲ್ಲಿ ಜನ ಸತ್ತದ್ದೆಲ್ಲ ಅಮೆರಿಕದವರು ಕಟ್ಟಿದ ಸುಳ್ಳು ಅನ್ನುತ್ತಾರೆ. "ಎಲ್ಲರಿಗೂ ಒಂದೇ ಸಂಬಳ ಕೊಟ್ಟರೆ ಯಾರು ಕೆಲಸ ಮಾಡ್ತಾರೆ?" ಅಂತ ತಮ್ಮ ಕೇಳಿದ. ನನಗೆ ಉತ್ತರ ಬರಲಿಲ್ಲ. ಮುಂದೆ ಬ್ಯಾಂಕ್ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಈ ಗುಂಪಿಗೆ ಹೋದರೆ ತೊಂದರೆ ಆಗುತ್ತಾ? ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪದವಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಪ್ರತಿ ವರ್ಷ ಈ ಪಾಠ ಬಂದಾಗ ಇದೇ ಪ್ರಶ್ನೆಗಳು ಬರುತ್ತಿದ್ದವು. ಆದರೆ ಮನೆಯ ತೋಟವನ್ನು ಮುಂದಿಟ್ಟುಕೊಂಡು ಕೇಳಿದವರು ಕಡಿಮೆ. ತೋಟದ ಪ್ರಶ್ನೆಯೇ ಇಲ್ಲಿ ಮುಖ್ಯ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಅಪ್ಪ, ಸೀನಿಯರ್, ತಮ್ಮ ಮೂವರೂ "ಕಮ್ಯುನಿಸಂ" ಅನ್ನುತ್ತಿದ್ದಾರೆ. ಆದರೆ ಮೂವರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ. ಒಂದು, ಹತ್ತೊಂಬತ್ತನೇ ಶತಮಾನದ ಜರ್ಮನ್ ಚಿಂತಕರಾದ ಮಾರ್ಕ್ಸ್ ಮತ್ತು ಎಂಗೆಲ್ಸ್ ಬರೆದ ವಿಚಾರ. ಇನ್ನೊಂದು, ಆ ವಿಚಾರದ ಹೆಸರಿನಲ್ಲಿ ಕಟ್ಟಿದ ಪಕ್ಷಗಳು. ಮತ್ತೊಂದು, ಆ ಪಕ್ಷಗಳು ಅಧಿಕಾರಕ್ಕೆ ಬಂದು ನಡೆಸಿದ ಸರ್ಕಾರಗಳು. ಯಾರಾದರೂ ಕಮ್ಯುನಿಸಂ ಬಗ್ಗೆ ಏನೇ ಹೇಳಲಿ, "ಈ ಮೂರರಲ್ಲಿ ಯಾವುದರ ಮಾತು ಇದು?" ಅಂತ ಮನಸ್ಸಿನಲ್ಲೇ ಕೇಳಿಕೊಳ್ಳಿ. ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

ಉದಾಹರಣೆಗೆ "ಕಮ್ಯುನಿಸ್ಟ್ ದೇಶ" ಅನ್ನುವ ಮಾತು ತೆಗೆದುಕೊಳ್ಳಿ. ಮಾರ್ಕ್ಸ್ ಹೇಳಿದ ಕಮ್ಯುನಿಸಂ ಅಂದರೆ ವರ್ಗಗಳಿಲ್ಲದ, ಕೊನೆಗೆ ಸರ್ಕಾರವೇ ಬೇಡವಾಗುವ ಸಮಾಜ. ಅಂಥದ್ದನ್ನು ತಲುಪಿದ್ದೇವೆ ಎಂದು ಸೋವಿಯತ್ ಒಕ್ಕೂಟ ಕೂಡ ಹೇಳಿಕೊಳ್ಳಲಿಲ್ಲ. ಅದರ ಹೆಸರಿನಲ್ಲೇ ಇದ್ದದ್ದು "ಸಮಾಜವಾದಿ ಗಣರಾಜ್ಯಗಳು". 1961ರಲ್ಲಿ ಸೋವಿಯತ್ ನಾಯಕ ಕ್ರುಶ್ಚೆವ್ ಕಾಲದ ಪಕ್ಷ, 1980ರ ಹೊತ್ತಿಗೆ ಕಮ್ಯುನಿಸಂ ಬಹುಮಟ್ಟಿಗೆ ಬಂದುಬಿಡುತ್ತದೆ ಎಂದು ಮಾತು ಕೊಟ್ಟಿತ್ತು. ಬರಲಿಲ್ಲ. 1991ರ ಡಿಸೆಂಬರಿನಲ್ಲಿ ದೇಶವೇ ಉಳಿಯಲಿಲ್ಲ. ಆದ್ದರಿಂದ "ಕಮ್ಯುನಿಸ್ಟ್ ಪಕ್ಷ ಆಳಿದ ದೇಶ" ಎಂದರೆ ಸರಿ. ಹಾಗಂತ "ನಿಜವಾದ ಕಮ್ಯುನಿಸಂ ಎಲ್ಲೂ ಬಂದೇ ಇಲ್ಲ, ಆದ್ದರಿಂದ ಅಲ್ಲಿ ಆದದ್ದಕ್ಕೂ ವಿಚಾರಕ್ಕೂ ಸಂಬಂಧ ಇಲ್ಲ" ಎಂದು ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಆಳಿದವರು ಆ ಪುಸ್ತಕಗಳನ್ನೇ ಓದಿ, ಅದೇ ಮಾತುಗಳನ್ನೇ ಆಡಿ ಆಳಿದರು.

ಈಗ ತೋಟಕ್ಕೆ ಬರೋಣ.

ನಿಮ್ಮ ಅಜ್ಜನಿಗೆ ಜಾಗ ಹೇಗೆ ಬಂತು ಗೊತ್ತಲ್ವಾ? ಮೊದಲು ಅದು ಗೇಣಿ ಭೂಮಿ. ಧಣಿಗೆ ವರ್ಷಕ್ಕಿಷ್ಟು ಮುಡಿ ಅಕ್ಕಿ ಅಳೆಯಬೇಕಿತ್ತು. ಚಾಲಗೇಣಿಯವರಾಗಿದ್ದರೆ, ಅಂದರೆ ಕಾಯಂ ಹಕ್ಕಿಲ್ಲದ ಗೇಣಿಯವರಾಗಿದ್ದರೆ, ಯಾವಾಗ ಎಬ್ಬಿಸುತ್ತಾರೋ ಎಂಬ ಹೆದರಿಕೆಯೂ ಜೊತೆಗೆ. 1961ರ ಭೂಸುಧಾರಣಾ ಕಾನೂನಿಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದು ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದವರು ನಮೂನೆ 7 ತುಂಬಿ ಕೊಟ್ಟರು. ನಮ್ಮ ಕಡೆ ಅದನ್ನೇ "ಡಿಕ್ಲರೇಶನ್ ಕೊಡುವುದು" ಅನ್ನುವುದು. ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಜಾಗವನ್ನು ಅವರ ಹೆಸರಿಗೆ ಮಾಡಿತು. ಇಡೀ ರಾಜ್ಯದಲ್ಲಿ ಇದು ತುಂಬ ಗಟ್ಟಿಯಾಗಿ ನಡೆದದ್ದು ಕರಾವಳಿ ಮತ್ತು ಮಲೆನಾಡಿನಲ್ಲಿ.

ಇದನ್ನು ಮಾಡಿದ್ದು ಕಮ್ಯುನಿಸ್ಟ್ ಸರ್ಕಾರ ಅಲ್ಲ, ಕಾಂಗ್ರೆಸ್ ಸರ್ಕಾರ. ಆದರೆ "ಉಳುವವನೇ ಹೊಲದೊಡೆಯ" ಎಂಬ ಒತ್ತಾಯವನ್ನು ಊರೂರಿಗೆ ಒಯ್ದವರಲ್ಲಿ ಕಮ್ಯುನಿಸ್ಟರೂ ಇದ್ದರು, ಸಮಾಜವಾದಿಗಳೂ ಇದ್ದರು. ಈ ಎರಡನ್ನು ಹೊಸಬರು ಯಾವಾಗಲೂ ಬೆರೆಸುತ್ತಾರೆ. 1951ರ ಕಾಗೋಡು ಸತ್ಯಾಗ್ರಹ ಲೋಹಿಯಾ ದಾರಿಯ ಸಮಾಜವಾದಿಗಳದ್ದು. ಲೋಹಿಯಾ ಅವರೇ ಅಲ್ಲಿ ಬಂಧನಕ್ಕೆ ಒಳಗಾದರು. 1941ರ ಕಯ್ಯೂರು ಹೋರಾಟ ಕಮ್ಯುನಿಸ್ಟ್ ರೈತರದ್ದು. ಅದರಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಕಯ್ಯೂರು ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. ಪಕ್ಕದ ಕೇರಳದಲ್ಲಿ ಅದೇ ಕೆಲಸ ನೇರವಾಗಿ ಕಮ್ಯುನಿಸ್ಟರಿಂದಲೇ ಶುರುವಾಯಿತು. 1957ರ ಏಪ್ರಿಲಿನಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಚುನಾವಣೆ ಗೆದ್ದು ಮುಖ್ಯಮಂತ್ರಿಯಾದರು. 1959ರ ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿತು. ಕೊನೆಗೆ 1970ರ ಜನವರಿ 1ರಿಂದ ಅಲ್ಲಿ ಜನ್ಮಿ ಪದ್ಧತಿ, ಅಂದರೆ ಜಮೀನ್ದಾರಿ, ಹೋಯಿತು.

ಇಲ್ಲಿ ಆದದ್ದೇನು ನೋಡಿ. ದೊಡ್ಡ ಒಡೆಯನಿಂದ ಜಾಗ ಸಣ್ಣ ಒಡೆಯನಿಗೆ ಹೋಯಿತು. ಒಡೆತನ ಹೋಗಲಿಲ್ಲ, ಹಂಚಿಹೋಯಿತು. ನಿಮ್ಮ ಅಪ್ಪ ಹೆದರುವುದು ಇದಕ್ಕಲ್ಲ. ಅವರು ಹೆದರುವುದು ಇದಕ್ಕೆ ಪೂರ್ತಿ ಉಲ್ಟಾ ಆದ ಇನ್ನೊಂದು ಕೆಲಸಕ್ಕೆ. ಅದೂ ಸುಮ್ನೆ ಹುಟ್ಟಿದ ಹೆದರಿಕೆಯಲ್ಲ.

ಮಾರ್ಕ್ಸ್, ಎಂಗೆಲ್ಸ್ ಬರೆದು 1848ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ "ಖಾಸಗಿ ಆಸ್ತಿಯ ರದ್ದತಿ" ಎಂಬ ಮಾತು ಇದ್ದೇ ಇದೆ. ಆದರೆ ಅಲ್ಲೇ ಇನ್ನೊಂದು ವಿವರಣೆಯೂ ಇದೆ. ಸಣ್ಣ ರೈತ, ಸಣ್ಣ ಕಸುಬುದಾರ ದುಡಿದು ಗಳಿಸಿದ ಆಸ್ತಿಯನ್ನು ನಾವು ರದ್ದು ಮಾಡಬೇಕಾಗಿಲ್ಲ, ಕೈಗಾರಿಕೆಯ ಬೆಳವಣಿಗೆಯೇ ಅದನ್ನು ದಿನದಿನಕ್ಕೆ ತಿಂದುಹಾಕುತ್ತಿದೆ ಎಂದು ಅವರು ಬರೆದರು. ಗುರಿ ಇದ್ದದ್ದು ಕಾರ್ಖಾನೆ, ಗಣಿ, ಬ್ಯಾಂಕು, ದೊಡ್ಡ ಜಮೀನಿನ ಮೇಲೆ, ಅಂದರೆ ಬೇರೆಯವರ ದುಡಿಮೆಯಿಂದ ಲಾಭ ತೆಗೆಯುವ ಆಸ್ತಿಯ ಮೇಲೆ. ನಿಮ್ಮ ಮನೆ, ಬಟ್ಟೆ, ಹಸು, ಮೊಬೈಲ್ ಆ ಲೆಕ್ಕದಲ್ಲಿ ಇಲ್ಲ. ಲೆನಿನ್ ನಂತರ ಸೋವಿಯತ್ ಒಕ್ಕೂಟವನ್ನು ಆಳಿದ ಸ್ಟಾಲಿನ್ ಕಾಲದ 1936ರ ಸಂವಿಧಾನ ಕೂಡ ಮನೆ, ಉಳಿತಾಯ, ಮನೆಬಳಕೆ ಸಾಮಾನುಗಳ ಮೇಲೆ ಸ್ವಂತ ಹಕ್ಕನ್ನೂ ಪಿತ್ರಾರ್ಜಿತದ ಹಕ್ಕನ್ನೂ ಒಪ್ಪಿತ್ತು. ಸಣ್ಣ ರೈತರ ಜಮೀನನ್ನು ಬಲವಂತದಿಂದ ಕಿತ್ತುಕೊಳ್ಳಬಾರದು, ಸಹಕಾರದ ಲಾಭ ತೋರಿಸಿ ಒಲಿಸಬೇಕು ಎಂದು 1894ರಲ್ಲಿ ಎಂಗೆಲ್ಸ್ ಬರೆದಿದ್ದರು.

ರಷ್ಯಾದಲ್ಲಿ ಮೊದಲು ಆದದ್ದೂ ಹಂಚಿಕೆಯೇ. 1917ರ ಕ್ರಾಂತಿಯ ಮರುದಿನವೇ ಲೆನಿನ್ ಸರ್ಕಾರ ಜಮೀನ್ದಾರರ ಭೂಮಿಯನ್ನು ರೈತರಿಗೆ ಬಿಟ್ಟುಕೊಡುವ ಆಜ್ಞೆ ಹೊರಡಿಸಿತು. ರೈತರು ಕ್ರಾಂತಿಯ ಜೊತೆ ನಿಂತದ್ದು ಇದಕ್ಕೇ. ಹನ್ನೆರಡು ವರ್ಷ ಕಳೆದ ಮೇಲೆ, 1929ರ ಕೊನೆಯಿಂದ, ಸ್ಟಾಲಿನ್ ಅದೇ ರೈತರ ಕೈಯಿಂದ ಜಮೀನು, ಎತ್ತು, ಹಸು, ನೇಗಿಲು ಎಲ್ಲವನ್ನೂ ಸಾಮೂಹಿಕ ಜಮೀನಿಗೆ ಸೇರಿಸಿದರು. ಯಾಕೆ? ನಗರಗಳಲ್ಲಿ ಕಾರ್ಖಾನೆ ಕಟ್ಟಬೇಕಿತ್ತು. ಕಾರ್ಮಿಕರಿಗೆ ಅಗ್ಗದಲ್ಲಿ ಧಾನ್ಯ ಬೇಕಿತ್ತು. ಯಂತ್ರ ತರಿಸಲು ಧಾನ್ಯ ರಫ್ತು ಮಾಡಬೇಕಿತ್ತು. ಲಕ್ಷಾಂತರ ರೈತರ ಹತ್ತಿರ ಚೌಕಾಸಿ ಮಾಡಿ ಕೊಳ್ಳುವುದಕ್ಕಿಂತ ಒಂದೇ ಕಣಜದಿಂದ ಎತ್ತಿಕೊಳ್ಳುವುದು ಸರ್ಕಾರಕ್ಕೆ ಸುಲಭ ಎನಿಸಿತು.

ರೈತರು ಒಪ್ಪಲಿಲ್ಲ. ಕೊಡುವುದಕ್ಕಿಂತ ಕಡಿದು ತಿನ್ನುವುದೇ ಮೇಲು ಎಂದು ದನಗಳನ್ನು ಕಡಿದರು. 1928ರಿಂದ 1933ರ ನಡುವೆ ದೇಶದ ದನಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. "ಕುಲಕ್" ಅಂದರೆ ಸಿರಿವಂತ ರೈತ ಎಂಬ ಹಣೆಪಟ್ಟಿ ಹಚ್ಚಿ 1930–31ರಲ್ಲೇ ಸುಮಾರು 18 ಲಕ್ಷ ಜನರನ್ನು ಊರು ಬಿಡಿಸಿ ದೂರ ಸಾಗಿಸಿದರು. ಎರಡು ಹಸು ಇದ್ದವನೂ ಕೆಲವು ಕಡೆ ಕುಲಕ್ ಆದ. 1932–33ರಲ್ಲಿ ಬರಗಾಲ ಬಂತು. ಆಗಲೂ ಧಾನ್ಯ ವಸೂಲಿ ನಿಲ್ಲಲಿಲ್ಲ, ರಫ್ತೂ ನಿಲ್ಲಲಿಲ್ಲ. 1932ರ ಆಗಸ್ಟಿನ ಒಂದು ಕಾನೂನಿನಂತೆ ಸಾಮೂಹಿಕ ಹೊಲದಿಂದ ತೆನೆ ಕದ್ದರೂ ಮರಣದಂಡನೆ ಕೊಡಬಹುದಿತ್ತು. ಸತ್ತವರು 50 ಲಕ್ಷಕ್ಕೂ ಜಾಸ್ತಿ. ಅತಿ ಹೆಚ್ಚು ಪೆಟ್ಟು ಬಿದ್ದದ್ದು ಉಕ್ರೇನ್ ಮತ್ತು ಕಝಾಕಸ್ತಾನಕ್ಕೆ.

ಚೀನಾದ ಕತೆಯೂ ಇದೇ ಜಾಡಿನದು. 1950ರ ಕಾನೂನಿನಿಂದ ಜಮೀನು ರೈತರಿಗೆ ಹಂಚಿಹೋಯಿತು. 1958ರಲ್ಲಿ ಎಲ್ಲವೂ ಕಮ್ಯೂನ್ ಎಂಬ ದೊಡ್ಡ ಸಾಮೂಹಿಕ ಜಮೀನುಗಳಿಗೆ ಸೇರಿತು, ಮನೆಯ ಒಲೆ ಆರಿಸಿ ಸಾಮೂಹಿಕ ಅಡುಗೆಮನೆಯಲ್ಲಿ ಉಣ್ಣುವಂತಾಯಿತು. ಮೇಲಿನವರನ್ನು ಮೆಚ್ಚಿಸಲು ಕೆಳಗಿನ ಅಧಿಕಾರಿಗಳು ಬೆಳೆಯನ್ನು ಎರಡು ಪಟ್ಟು, ಮೂರು ಪಟ್ಟು ಉಬ್ಬಿಸಿ ಬರೆದರು. ಆ ಸುಳ್ಳು ಲೆಕ್ಕದ ಮೇಲೆ ನಿಜವಾದ ಧಾನ್ಯ ವಸೂಲಾಯಿತು. 1962ರೊಳಗೆ ಬರಗಾಲದಲ್ಲಿ ಸತ್ತವರು ಎಷ್ಟು ಎಂಬ ಬಗ್ಗೆ ವಿದ್ವಾಂಸರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಇದೆ.

ಈ ವಿಷಯ ಪಾಠ ಮಾಡುವಾಗ ನಾನು ಯಾವಾಗಲೂ ಶಿಯಾವೊಗಾಂಗ್ ಎಂಬ ಹಳ್ಳಿಯ ಮಾತು ಎತ್ತುತ್ತಿದ್ದೆ. ಅದು ಆನ್‌ಹುಯಿ ಪ್ರಾಂತ್ಯದ್ದು. ಹಸಿವಿನಲ್ಲಿ ಬೆಂದ ಊರು. 1978ರ ಚಳಿಗಾಲದ ಒಂದು ರಾತ್ರಿ 18 ರೈತರು ಒಂದು ಗುಡಿಸಲಿನಲ್ಲಿ ಗುಟ್ಟಾಗಿ ಸೇರಿದರು. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡು, ಸರ್ಕಾರದ ಪಾಲು ಕೊಟ್ಟು, ಉಳಿದದ್ದು ಬೆಳೆದವನಿಗೇ ಎಂದು ಕಾಗದ ಬರೆದು ಹೆಬ್ಬೆಟ್ಟು ಒತ್ತಿದರು. ಸಿಕ್ಕಿಬಿದ್ದರೆ ಜೈಲು ಖಾತ್ರಿ. ಆಗ ಜೈಲಿಗೆ ಹೋದವರ ಮಕ್ಕಳನ್ನು ಹದಿನೆಂಟು ವರ್ಷದವರೆಗೆ ಉಳಿದವರು ಸಾಕಬೇಕು ಎಂದೂ ಅದರಲ್ಲೇ ಬರೆದರು. ಮರುವರ್ಷ ಬೆಳೆ ಹಲವು ಪಟ್ಟು ಬಂತು. ಆಗ ಚೀನಾದ ನಾಯಕರಾದ ಡೆಂಗ್ ಶಿಯಾವೊಪಿಂಗ್ ಕಾಲದಲ್ಲಿ ಸರ್ಕಾರವೇ ಆ ದಾರಿ ಹಿಡಿಯಿತು. ಈಗಲೂ ಚೀನಾದಲ್ಲಿ ಹೊಲದ ಒಡೆತನ ಹಳ್ಳಿಯ ಸಮೂಹದ್ದು, ಸಾಗುವಳಿಯ ಹಕ್ಕು ಮಾತ್ರ ಕುಟುಂಬದ್ದು.

ಹಾಗಾಗಿ ತೋಟದ ಬಗ್ಗೆ ನನ್ನ ಉತ್ತರ ಹೀಗಿದೆ. ಭಾರತದಲ್ಲಿ ಕಮ್ಯುನಿಸ್ಟರು ಚುನಾವಣೆ ಗೆದ್ದು ಆಳಿದ ಕೇರಳದಲ್ಲಾಗಲಿ, 1977ರಿಂದ 2011ರವರೆಗೆ ಸಿಪಿಎಂ ನೇತೃತ್ವದ ಎಡರಂಗ ಆಳಿದ ಪಶ್ಚಿಮ ಬಂಗಾಳದಲ್ಲಾಗಲಿ ಎರಡೂವರೆ ಎಕರೆಯ ರೈತನ ತೋಟವನ್ನು ಸಾಮೂಹಿಕ ಮಾಡಲಿಲ್ಲ. ಆದರೆ ಒಂದೇ ಪಕ್ಷ, ಅದನ್ನು ಪ್ರಶ್ನಿಸುವ ಕೋರ್ಟಿಲ್ಲ, ಪತ್ರಿಕೆಯಿಲ್ಲ, ಮತ್ತೊಂದು ಚುನಾವಣೆಯಿಲ್ಲ ಎಂಬ ಸ್ಥಿತಿ ಇದ್ದಲ್ಲಿ ಕೊಟ್ಟ ಜಮೀನನ್ನೇ ವಾಪಸ್ ಕಿತ್ತುಕೊಂಡದ್ದೂ ನಿಜ. ಬಂಗಾಳದಲ್ಲೂ 2006–07ರಲ್ಲಿ ಸಿಂಗೂರು, ನಂದಿಗ್ರಾಮಗಳಲ್ಲಿ ಕೈಗಾರಿಕೆಗಾಗಿ ರೈತರ ಜಮೀನಿಗೆ ಕೈಹಾಕಿದ್ದು ಅದೇ ಎಡರಂಗ. ಅಲ್ಲಿ ಚುನಾವಣೆ ಇತ್ತು, 2011ರಲ್ಲಿ ಜನ ಅವರನ್ನು ಇಳಿಸಿದರು. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ.

ಇನ್ನು ನಿಮ್ಮ ಸೀನಿಯರ್ ಮಾತು. ಸತ್ತದ್ದೆಲ್ಲ ಅಮೆರಿಕದ ಸುಳ್ಳು ಎನ್ನುವುದು ನಿಲ್ಲುವುದಿಲ್ಲ. 1937ರಲ್ಲಿ ಸೋವಿಯತ್ ಸರ್ಕಾರವೇ ಜನಗಣತಿ ಮಾಡಿಸಿತು. ಅಂದುಕೊಂಡದ್ದಕ್ಕಿಂತ ಲಕ್ಷಾಂತರ ಜನ ಕಡಿಮೆ ಬಂದರು. ವರದಿಯನ್ನು ಮುಚ್ಚಿಟ್ಟು, ಗಣತಿ ನಡೆಸಿದ ಅಧಿಕಾರಿಗಳನ್ನೇ ಹಿಡಿದುಹಾಕಿದರು. 1937–38ರ ಎರಡೇ ವರ್ಷಗಳಲ್ಲಿ ಗುಂಡಿಟ್ಟು ಕೊಂದವರ ಸಂಖ್ಯೆ ಸುಮಾರು 6.8 ಲಕ್ಷ. ಈ ಲೆಕ್ಕ ಅವರದೇ ಪೊಲೀಸರ ಕಡತದಲ್ಲಿದೆ. ಇನ್ನೊಂದು ಬದಿಯವರು "ಕಮ್ಯುನಿಸಂ ಹತ್ತು ಕೋಟಿ ಜನರನ್ನು ಕೊಂದಿತು" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆ ಸಂಖ್ಯೆ ಹರಡಿದ್ದು 1997ರಲ್ಲಿ ಫ್ರಾನ್ಸಿನಲ್ಲಿ ಬಂದ ಒಂದು ಪುಸ್ತಕದ ಮುನ್ನುಡಿಯಿಂದ. ಅದರ ಸಹ ಲೇಖಕರಲ್ಲೇ ಇಬ್ಬರು ಆ ಲೆಕ್ಕವನ್ನು ಒಪ್ಪಲಿಲ್ಲ. 1943ರ ಬಂಗಾಳದ ಬರದಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ ಲಕ್ಷಾಂತರ ಜನ ಸತ್ತದ್ದನ್ನು ನೆನಪಿಸಿ ಇದಕ್ಕೆ ಅದು ಸಮ ಎನ್ನುವವರೂ ಸಿಗುತ್ತಾರೆ. ಒಂದು ಊರಿನ ಹೆಣಗಳು ಇನ್ನೊಂದು ಊರಿನ ಹೆಣಗಳ ಲೆಕ್ಕವನ್ನು ಅಳಿಸುವುದಿಲ್ಲ. ಗುಂಪಿನಲ್ಲಿ ಈ ಪ್ರಶ್ನೆಯನ್ನು ಮತ್ತೆ ಎತ್ತಿ. ಹೇಗೆ ಉತ್ತರ ಕೊಡುತ್ತಾರೆ ಎನ್ನುವುದರಿಂದ ಗುಂಪು ಎಂಥದ್ದು ಎಂದು ತಿಳಿಯುತ್ತದೆ.

ನಿಮ್ಮ ತಮ್ಮನ ಪ್ರಶ್ನೆ ನನಗೆ ಇಷ್ಟವಾಯಿತು. ಎಲ್ಲರಿಗೂ ಒಂದೇ ಸಂಬಳ ಎಂದು ಮಾರ್ಕ್ಸ್ ಹೇಳಲಿಲ್ಲ. 1875ರಲ್ಲಿ ಅವರು ಎರಡು ಹಂತ ಹೇಳಿದರು. ಮೊದಲ ಹಂತದಲ್ಲಿ ದುಡಿದಷ್ಟು ಪಾಲು. ಸಮೃದ್ಧಿ ಬಂದ ಮುಂದಿನ ಹಂತದಲ್ಲಿ ಶಕ್ತಿ ಇದ್ದಷ್ಟು ದುಡಿಮೆ, ಅಗತ್ಯ ಇದ್ದಷ್ಟು ಪಾಲು. ಸೋವಿಯತ್ ಕಾರ್ಖಾನೆಗಳಲ್ಲಿ ಸಂಬಳ ಬೇರೆ ಬೇರೆಯೇ ಇತ್ತು. ಸಂಬಳ ಸಮ ಮಾಡುವುದನ್ನು 1931ರಲ್ಲಿ ಸ್ಟಾಲಿನ್ ಬಹಿರಂಗವಾಗಿ ಬೈದರು. ಹಾಗಂತ ತಮ್ಮನ ಅನುಮಾನ ಪೊಳ್ಳಲ್ಲ. ತನ್ನದಲ್ಲದ ಹೊಲದಲ್ಲಿ ಜನ ಮನಸ್ಸಿಟ್ಟು ದುಡಿಯಲಿಲ್ಲ. ಸೋವಿಯತ್ ರೈತನಿಗೆ ಮನೆ ಪಕ್ಕದಲ್ಲಿ ಒಂದು ತುಂಡು ಜಾಗ ಸ್ವಂತ ಬಳಕೆಗೆ ಬಿಟ್ಟಿದ್ದರು. ಅದು ಒಟ್ಟು ಸಾಗುವಳಿಯ ಸುಮಾರು ಶೇ 3 ಮಾತ್ರ. ದೇಶದ ಕೃಷಿ ಉತ್ಪನ್ನದ ಸುಮಾರು ಕಾಲು ಭಾಗ ಅಲ್ಲಿಂದ ಬರುತ್ತಿತ್ತು. ಕಾರ್ಖಾನೆಯಲ್ಲಿ ತೊಂದರೆ ಬೇರೆ ಥರದ್ದು. ಏನು, ಎಷ್ಟು ಮಾಡಬೇಕು ಎಂದು ಮಾಸ್ಕೋದಲ್ಲಿ ಕೂತು ಬರೆಯುತ್ತಿದ್ದರು. ಗುರಿಯನ್ನು ತೂಕದಲ್ಲಿ ಕೊಟ್ಟರೆ ಬೇಕಾದದ್ದಕ್ಕಿಂತ ಭಾರದ ಸಾಮಾನು ತಯಾರಾಗುತ್ತಿತ್ತು. ತೂಗುದೀಪಗಳು ಸುಮ್ನೆ ಭಾರವಾಗುತ್ತಿವೆ ಎಂದು ಕ್ರುಶ್ಚೆವ್ ಅವರೇ ದೂರಿದ್ದರು. ಅಂಗಡಿಯಲ್ಲಿ ಬೇಕಾದ್ದು ಇಲ್ಲ ಎಂಬ ಸುದ್ದಿ ಮೇಲಕ್ಕೆ ಮುಟ್ಟಲು ಬೆಲೆ ಎಂಬ ದಾರಿಯೇ ಇರಲಿಲ್ಲ.

ದೇವರ ಕೋಣೆ. ಧರ್ಮ ಜನರ ಅಫೀಮು ಎಂಬ ಮಾರ್ಕ್ಸ್ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಸಾಲಿನಲ್ಲಿ ಧರ್ಮವನ್ನು ನೊಂದವರ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಎಂದೂ ಕರೆದಿದ್ದಾರೆ. ಆ ಕಾಲದಲ್ಲಿ ಅಫೀಮು ನೋವಿನ ಔಷಧಿಯೂ ಹೌದು. ಆದರೆ ಆಳ್ವಿಕೆಯಲ್ಲಿ ಈ ಸೂಕ್ಷ್ಮ ಉಳಿಯಲಿಲ್ಲ. 1931ರಲ್ಲಿ ಮಾಸ್ಕೋದ ದೊಡ್ಡ ಚರ್ಚನ್ನು ಸಿಡಿಸಿ ಕೆಡವಿದರು. 1967ರಲ್ಲಿ ಅಲ್ಬೇನಿಯಾ ಪೂಜೆ, ಪ್ರಾರ್ಥನೆಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಬೇರೆಯೇ ಕತೆ. 1931–32ರ ಗುರುವಾಯೂರು ದೇವಸ್ಥಾನ ಪ್ರವೇಶ ಸತ್ಯಾಗ್ರಹದಲ್ಲಿ ಮುಂದೆ ನಿಂತ ಪಿ. ಕೃಷ್ಣಪಿಳ್ಳೆ, ಎ.ಕೆ. ಗೋಪಾಲನ್ ಆಮೇಲೆ ಕೇರಳದ ದೊಡ್ಡ ಕಮ್ಯುನಿಸ್ಟ್ ನಾಯಕರಾದರು. ಅಲ್ಲಿ 1957ರಿಂದ ಮತ್ತೆ ಮತ್ತೆ ಎಡಪಕ್ಷಗಳು ಗೆದ್ದಿವೆ, ಮನೆಗಳಲ್ಲಿ ದೀಪ ಉರಿಯುತ್ತಲೇ ಇದೆ. ಅಪ್ಪನಿಗೆ ಇದನ್ನು ಹೇಳಿ.

ಇನ್ನೊಂದು ಗೊಂದಲವನ್ನು ಬೇಗ ಮುಗಿಸುತ್ತೇನೆ. ಸರ್ಕಾರ ಏನಾದರೂ ಕೊಟ್ಟರೆ ಅದು ಕಮ್ಯುನಿಸಂ ಅಲ್ಲ. ರೇಷನ್ ಅಕ್ಕಿಯೂ ಅಲ್ಲ, ಸ್ವೀಡನ್ನಿನ ಉಚಿತ ಶಿಕ್ಷಣವೂ ಅಲ್ಲ. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕನ್ನು 1969ರಲ್ಲಿ ರಾಷ್ಟ್ರೀಕರಣ ಮಾಡಿದ್ದು ಇಂದಿರಾ ಗಾಂಧಿ ಸರ್ಕಾರ. ನಿಮ್ಮ ಅಪ್ಪ ಅಡಿಕೆಯನ್ನು ಕ್ಯಾಂಪ್ಕೊಗೆ ಕೊಡುವವರಾದರೆ, 1973ರಲ್ಲಿ ಶುರುವಾದ ಆ ಸಂಸ್ಥೆಯೂ ಬೆಳೆಗಾರರದೇ ಸಹಕಾರಿ. ಅಲ್ಲಿ ತೋಟ ನಿಮ್ಮದೇ, ಮಾರಾಟ ಮಾತ್ರ ಒಟ್ಟಾಗಿ.

ಈಗ ಗುಂಪಿಗೆ ಹೋಗುವ ವಿಷಯ. ಓದುವುದು, ಚರ್ಚೆ ಮಾಡುವುದು ಅಪರಾಧ ಅಲ್ಲ. ಸಿಪಿಐ, 1964ರಲ್ಲಿ ಅದರಿಂದ ಒಡೆದ ಸಿಪಿಎಂ, ಇವು ಚುನಾವಣಾ ಆಯೋಗದಲ್ಲಿ ನೋಂದಾಯಿಸಿದ ಪಕ್ಷಗಳು. ಅವುಗಳ ವಿದ್ಯಾರ್ಥಿ ಸಂಘಟನೆಗಳು ಬಹಿರಂಗವಾಗಿ ಕೆಲಸ ಮಾಡುತ್ತವೆ. ಮಾವೋವಾದಿ ಪಕ್ಷ ಮಾತ್ರ ನಿಷೇಧಿತ. ನಿಷೇಧಿತ ಸಂಘಟನೆಯ ಸದಸ್ಯತ್ವವೇ ಅಪರಾಧ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದ್ದರಿಂದ ಗುಂಪನ್ನು ಯಾರು ನಡೆಸುತ್ತಾರೆ, ಯಾವ ಸಂಘಟನೆಗೆ ಸೇರಿದ್ದು ಎಂದು ನೇರವಾಗಿ ಕೇಳಿ. ಉತ್ತರ ತಪ್ಪಿಸಿದರೆ, ಮನೆಯವರಿಗೆ ಹೇಳಬೇಡ ಎಂದರೆ, ಅಲ್ಲಿಂದ ಎದ್ದು ಬನ್ನಿ.

ಸುಮ್ನೆ ಓದಿ ಬರುವುದಾದರೆ ಬ್ಯಾಂಕ್ ಕೆಲಸಕ್ಕೆ ತೊಂದರೆ ನನಗೆ ಕಾಣುವುದಿಲ್ಲ. ಸಂಘಟನೆಯ ಸದಸ್ಯೆಯಾಗಿ ಪ್ರತಿಭಟನೆಗೆ ಇಳಿದರೆ ಅಪಾಯ ಸ್ವಲ್ಪ ಜಾಸ್ತಿ. ಅನುಮತಿ ಇಲ್ಲದ ಮೆರವಣಿಗೆಯಲ್ಲಿ ನಿಮ್ಮ ಹೆಸರು ಎಫ್‌ಐಆರ್‌ಗೆ ಬಿದ್ದರೆ ಕೇಸು ಮುಗಿಯಲು ವರ್ಷಗಳು ಬೇಕು. ಉದ್ಯೋಗದ ಪೊಲೀಸ್ ಪರಿಶೀಲನೆಯಲ್ಲಿ ಅದನ್ನು ಮುಚ್ಚಿಡುವಂತಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಒಂದು ಕೆಲಸದ ಆದೇಶಕ್ಕಾಗಿ ಎರಡು ವರ್ಷ ಅಲೆದ. ಆದರೂ ಆ ಮೆರವಣಿಗೆಗೆ ಹೋದದ್ದಕ್ಕೆ ಪಶ್ಚಾತ್ತಾಪ ಇಲ್ಲ ಅಂದ. ಎರಡೂ ನಿಜ, ಎರಡನ್ನೂ ತೂಗಿ ನೋಡಿ. ಸರ್ಕಾರಿ ಬ್ಯಾಂಕಿನ ಅಧಿಕಾರಿಯಾದ ಮೇಲೆ ಪಕ್ಷ ರಾಜಕೀಯಕ್ಕೆ ನಿಯಮ ಬಿಡುವುದಿಲ್ಲ, ಕಾರ್ಮಿಕ ಸಂಘಕ್ಕೆ ಬಿಡುತ್ತದೆ. ಬ್ಯಾಂಕ್ ನೌಕರರ ಮೊದಲ ದೊಡ್ಡ ಅಖಿಲ ಭಾರತ ಸಂಘ 1946ರಲ್ಲಿ ಹುಟ್ಟಿದ್ದು. ಅದನ್ನು ಬೆಳೆಸಿದವರಲ್ಲಿ ಕಮ್ಯುನಿಸ್ಟರು ಬಹಳ ಇದ್ದರು.

ಗುಂಪಿಗೆ ಹೋಗುವುದಾದರೆ ಒಂದು ಪ್ರಶ್ನೆಯನ್ನು ನನ್ನ ಪರವಾಗಿ ಇಡಿ. ಡಿಕ್ಲರೇಶನ್‌ನಲ್ಲಿ ಜಾಗ ಸಿಕ್ಕಿದ್ದು ಗೇಣಿದಾರರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗೇಣಿಚೀಟಿ ಇರಲಿಲ್ಲ. ಹಾಗಾಗಿ ಹೆಚ್ಚಿನವರಿಗೆ ಜಾಗ ಬರಲಿಲ್ಲ. ಅವರಲ್ಲಿ ಬಹಳ ಮಂದಿ ದಲಿತರು. ಜಾತಿ ಅಂದರೆ ಬರೀ ಕೆಲಸದ ವಿಂಗಡಣೆಯಲ್ಲ, ಕೆಲಸ ಮಾಡುವವರನ್ನೇ ಮೇಲೆ ಕೆಳಗೆ ಎಂದು ವಿಂಗಡಿಸುವುದು ಎಂದು ಅಂಬೇಡ್ಕರ್ 1936ರಲ್ಲೇ ಹೇಳಿದ್ದರು. ವರ್ಗದ ಲೆಕ್ಕ ಮಾತ್ರ ಹಾಕಿದ ನಮ್ಮ ಕಮ್ಯುನಿಸ್ಟರು ಇದಕ್ಕೆ ಬಹಳ ಕಾಲ ಸರಿಯಾಗಿ ಕಿವಿಗೊಡಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಹತ್ತಿರ ಭೂ ನ್ಯಾಯಮಂಡಳಿಯ ಆದೇಶ ತೋರಿಸಿ ಎನ್ನಿ. ಕಪಾಟಿನಲ್ಲೋ ಹಳೆಯ ಟ್ರಂಕಿನಲ್ಲೋ ಇದ್ದೇ ಇರುತ್ತದೆ. ಅದರಲ್ಲಿ ಧಣಿಯ ಹೆಸರು, ಅಜ್ಜನ ಹೆಸರು, ಸರ್ವೆ ನಂಬರ್ ಇರುತ್ತವೆ. ಇಬ್ಬರೂ ಕೂತು ಓದಿ. ಆಮೇಲೆ ಆ ಕಾಲದಲ್ಲಿ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು ಯಾರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳಿ.